ಮಾವ ನೇಯ್ದ ಚಾದರ

ಮಂಗಳವಾರ, ೧೪ ಅಕ್ಟೋಬರ್ ೨೦೨೫

ಎದುರು ಮನಿಯವರು ಮಾಳಗಿ ಮ್ಯಾಲ ಖೋಲಿ ಕಟ್ಟಿಸಿದಾಗಿಂದ ನಮ್ಮ ಕಿಡಕಿ ಪೂರಾ ಅವರ ಕಣ್ಣಾಗ.

ಅತ್ತಿ ಮುಳಗುಂದಕ್ಕ ಹೋದದ್ದು ನೋಡಿ ಕಿಡಕಿಗೆ ಪರದೆ ಮಾಡಾಕಂತ ಅವರ ಟ್ರಂಕಿನಾಗಿಂದ ಚಾದರ ತಗದೆ. ಮಾವ ತಮ್ಮ ಮಗ್ಗದಾಗ ಕಡೀಕ ನೇಯ್ದದ್ದು. ಅವರು ತೀರಿಕೊಂಡ ಮ್ಯಾಲ ಅತ್ತಿ ಅದನ್ನ ಯಾರಿಗೂ ಮುಟ್ಟಗೊಟ್ಟಿಲ್ಲ. ಕತ್ತರಿ, ಸೂಜಿ ತಾಗಿಸೋ ಧೈರ್ಯ ಆಗಲಿಲ್ಲ. ಮ್ಯಾಲಿನ ಅಂಚು ಮಡಚಿ, ಅರಿವಿ ಒಣಹಾಕೋ ಕ್ಲಿಪ್ಪಿನಿಂದ ಕಿಡಕಿಗೆ ಕಟ್ಟಿದ ಹಗ್ಗಕ್ಕ ಸಿಗಿಸಿಬಿಟ್ಟೆ.

ಸಂಜಿ ಬಸ್ಸಿಗೆ ಬಂದ ಅತ್ತಿ ಸೀದಾ ಕಿಡಕಿ ಮುಂದ ನಿಂತರು. ಗಂಡ ಅನಿಸಿಕೊಂಡವರು ಹಿತ್ತಲಕ್ಕ ಜಾರಿದರು. ಅತ್ತಿ ಅರಿವಿನ್ನ ಎರಡು ಬೆರಳಾಗ ಹಿಡದು ತಿಕ್ಕಿ ನೋಡಿದರು.

“ಕಾಂಚನಾ.”

“ಏನ್ರೀ ಅತ್ತಿ?”

“ಉಲ್ಟಾ ಹಾಕೀಯಲ್ಲವಾ. ನಿಮ್ಮ ಮಾವ ಎದುರು ಮನಿ ಕಡೆ ಮುಖ ಮಾಡ್ಯಾರ. ಈ ಕಡೆ ಹೊಳ್ಳಿಸು.”