ಹೆಗಲು ನೀಲಿಯಾಗದ ಗುಂಡು

ಗಾಳಿಬೀಡು,
೫ ಸೆಪ್ಟೆಂಬರ್ ೨೦೨೪

ಪ್ರೀತಿಯ ದೀಕ್ಷಿತ್,

ಹೇಗಿದ್ದೀಯ ಮಗಾ? ಹೋಟೆಲಿನ ಅಡುಗೆಮನೆಯಲ್ಲಿ ನಿಂತೂ ನಿಂತೂ ಸೊಂಟ ನೋಯುತ್ತದೆ ಅಂದಿದ್ದೆಯಲ್ಲ, ಈಗ ವಾಸಿಯೇ? ಮಸ್ಕತ್ತಿನ ಸೆಖೆಗೆ ನೀರು ಚೆನ್ನಾಗಿ ಕುಡಿ. ನಾವೆಲ್ಲ ಕ್ಷೇಮ. ಫೋನ್ ಇದ್ದೂ ಅಮ್ಮ ಯಾಕೆ ಕಾಗದ ಬರೆದಳು ಎನ್ನಬೇಡ. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯ. ನಮ್ಮೂರಿನ ಭವಿತ್ ಭಾನುವಾರ ರಜೆ ಮುಗಿಸಿ ಅಲ್ಲಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕೊಡುತ್ತಿದ್ದೇನೆ. ಕೊನೆಯವರೆಗೆ ಓದು.

ಕೈಲ್ ಮುಹೂರ್ತದ ಹಬ್ಬದ ಹಿಂದಿನ ದಿನ ನೀನು ಕಳಿಸಿದ ವಾಯ್ಸ್ ಮೆಸೇಜನ್ನು ನಿನ್ನಪ್ಪ ಎರಡೆರಡು ಸಲ ಜೋರಾಗಿ ಹಾಕಿ ನನಗೆ ಕೇಳಿಸಿದರು. "ಪಾಯಿಂಟ್ ಟೂ ಟೂ ರೈಫಲ್ ಮಕ್ಕಳ ಆಟ. ತಂಗೆನ ಅದ್ರಲ್ಲಿ ನಿಲ್ಸಿ ಮನೆ ಮರ್ಯಾದೆ ತೆಗಿಬೇಡಿ" ಅಂದೆಯಲ್ಲ? ನಿಲ್ಲಿಸಿದೆ. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ನಾನೇ ಹೋಗಿ ದಿವ್ಯಳ ಹೆಸರು ಬರೆಸಿದೆ. ಮರ್ಯಾದೆ ಇನ್ನೂ ಮನೆಯಲ್ಲೇ ಇದೆ, ಹುಡುಕಿ ನೋಡಿದೆ.

ಏಪ್ರಿಲಿನಲ್ಲಿ ಏನಾಯಿತೆಂದು ನಿನಗೆ ಯಾರೂ ಹೇಳಿರಲಾರರು. ಗುರಿ ಕಲಿಯುತ್ತೇನೆ ಅಂದಳು ಹುಡುಗಿ. ಇಪ್ಪತ್ತೆರಡು ವರ್ಷದವಳು, ಕೇಳಿದ್ದರಲ್ಲಿ ತಪ್ಪೇನು? "ಮೊದ್ಲ ಗುಂಡು ಮನೆ ಕೋವಿಲೇ ಹೊಡಿಯೊಕು" ಎಂದು ನಿನ್ನಪ್ಪ ಆ ಹನ್ನೆರಡು ಬೋರಿನ ಕೋವಿ ಕೊಟ್ಟರು. ಅದರ ಹಿಡಿಯೇ ಅವಳ ತೋಳಿಗೆ ಉದ್ದ. ಒಳಗೆ ಹಾಕಿದ್ದು ಹಂದಿಗೆಂದು ಮಾಡಿದ ದೊಡ್ಡ ತೋಟಾ. ನಮ್ಮಲ್ಲಿ ಬೇಟೆ ನಿಂತು ಯಾವ ಕಾಲವಾಯಿತು! ಈಗ ಗುರಿ ಇರುವುದು ಕಟ್ಟಿದ ತೆಂಗಿನಕಾಯಿಗೆ. ಅದೇನು ಮೈಮೇಲೆ ನುಗ್ಗಿ ಬರುತ್ತದೆಯೇ? ಕೋವಿ ಒದ್ದ ಒದೆತಕ್ಕೆ ಅವಳು ಹಿಂದೆ ಬಿದ್ದಳು. ಹೆಗಲು ಬದನೆಕಾಯಿ ಬಣ್ಣಕ್ಕೆ ತಿರುಗಿತು. ಹೆಗಲು ನೀಲಿಯಾದರೆ ಕೋವಿ ಒಪ್ಪಿಕೊಂಡಿತು ಎನ್ನುವುದು ನಿನ್ನ ಅಜ್ಜನ ಕಾಲದಿಂದ ಈ ಮನೆಯಲ್ಲಿ ನಡೆದು ಬಂದ ಮಾತು, ನಿನ್ನಪ್ಪನಿಗೆ ಸಂತೋಷವೋ ಸಂತೋಷ. ಆಮೇಲೆ ಕೋವಿಯ ಕುದುರೆ ಒತ್ತುವ ಮೊದಲೇ ಅವಳ ಕಣ್ಣು ಮುಚ್ಚಿಹೋಗತೊಡಗಿತು. "ಅಮ್ಮಾ, ನಂಗೆ ಹೆದ್ರಿಕೆ ಇಲ್ಲೆ, ಹೆಗಲೇ ಮೊದ್ಲು ಹೆದ್ರುದು" ಅಂದಳು. ನನಗೆ ಎಲ್ಲಿಲ್ಲದ ಕೋಪ ಬಂತು.

ಕ್ರೀಡಾ ಸಂಘದಲ್ಲಿ ತರಬೇತಿ ಕೊಡುವ ಸುಬೇದಾರ್ ಪರಮೇಶಪ್ಪ ಮಾವನ ಹತ್ತಿರ ನಾನೇ ಕರೆದುಕೊಂಡು ಹೋದೆ. ಅವರು ಪಾಯಿಂಟ್ ಟೂ ಟೂ ರೈಫಲ್ ತೆಗೆದರು. ತೋಟಾ ನೋಡಿದರೆ ಕಿರುಬೆರಳಿನ ಅರ್ಧದಷ್ಟು. ಇದರಿಂದ ಏನಾದೀತು ಎಂದು ನನಗೂ ಅನುಮಾನ ಬಂದದ್ದು ನಿಜ. "ಗುರಿ ಕಲಿಯೊಕಾದ್ರೆ ಕಣ್ಣು ತೆರ್ದಿರೊಕು. ಒದೆಯುವ ಕೋವಿ ಕಣ್ಣು ಮುಚ್ಚುದನ್ನೇ ಕಲಿಸುದು" ಅಂದರು ಮಾವ. ನಾನೂ ಒಂದು ಗುಂಡು ಹೊಡೆದೆ ಕಣೋ! ಎಲ್ಲಿಗೆ ಹೋಯಿತೋ ದೇವರಿಗೇ ಗೊತ್ತು, ಆದರೆ ಹೆಗಲಿಗೆ ಯಾರೋ ತಟ್ಟಿ ಕರೆದಷ್ಟೇ ಆಯಿತು. ಎರಡು ವಾರದಲ್ಲಿ ದಿವ್ಯಳ ಕಣ್ಣು ತೆರೆದೇ ಇರತೊಡಗಿತು.

ಹಬ್ಬದ ಬೆಳಿಗ್ಗೆ ಕೋವಿ ಪೂಜೆಗೆ ಅವಳು ತೋಕ್ ಪೂ ಇಡಲು ಹೋದಾಗ ನಿನ್ನಪ್ಪ ಕೈ ಅಡ್ಡ ಹಿಡಿದರು. ಅವಳು ಮನೆ ಕೋವಿ ಬಿಟ್ಟವಳಂತೆ. ಹೂವನ್ನು ಅವಳ ಕೈಯಿಂದ ತೆಗೆದುಕೊಂಡು ನಾನು ಇಟ್ಟೆ. ಕಡಂಬುಟ್ಟು, ಹಂದಿ ಕರಿ ಬಡಿಸಿ, ಮಗಳನ್ನು ಕರೆದುಕೊಂಡು ಮೈದಾನಕ್ಕೆ ಹೊರಟೆ. ಮೊದಲ ಗುಂಡು ತಪ್ಪಿತು, ಯಾರೋ ನಕ್ಕರು. ಎರಡನೆಯದಕ್ಕೆ ಕಾಯಿ ಒಡೆದು ನೀರು ಚಿಮ್ಮಿತು. ಕೊನೆಯ ಸುತ್ತಿನಲ್ಲಿ ಬೆಳ್ಯಪ್ಪನ ಮಗಳು ಗೆದ್ದಳು, ನಮ್ಮವಳು ಎರಡನೆಯವಳು. ನಿನ್ನಪ್ಪ ಜೀಪಿನ ಪಕ್ಕ ನಿಂತು ಎಲ್ಲ ನೋಡಿ ಮನೆಗೆ ಹೋದರು. ಎರಡು ದಿನವಾಯಿತು, ಬಡಿಸಿದ್ದನ್ನು ಉಣ್ಣುತ್ತಾರೆ, ಮಾತಿಲ್ಲ. ಇರಲಿ. ನಾನು ಕ್ಷಮೆ ಕೇಳುವವಳಲ್ಲ. ನಿನ್ನ ಹತ್ತಿರವೂ ಅಷ್ಟೇ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಇಗ್ಗುತ್ತಪ್ಪ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಮ್ಮ,
ಯಮುನ

ಮರೆತೆ: ಕಾಗದ ಒಯ್ಯಲು ಭವಿತ್ ಗೇಟಿನ ಹತ್ತಿರ ಬಂದಾಯಿತು, ಬೇಗ ಬರೆಯುತ್ತೇನೆ. ನಿನ್ನ ಹದಿನೆಂಟರಲ್ಲಿ, ಅದೇ ಮನೆ ಕೋವಿ ಒಮ್ಮೆ ಒದ್ದ ಮೇಲೆ ಎರಡನೆಯ ಗುಂಡು ಹೊಡೆಯಲಾಗದೆ, ತೋಟಾ ಒದ್ದೆಯಾಗಿತ್ತು ಎಂದು ಅಪ್ಪನಿಗೆ ಸುಳ್ಳು ಹೇಳಿ, ಕಾಫಿ ಕಣದ ಹಿಂದೆ ಕೂತು ಅತ್ತೆಯಲ್ಲ, ನಾನು ನೋಡಿದ್ದೆ. ಹೆಗಲಿಗೆ ಶಾಖ ಕೊಟ್ಟೆ, ಗಂಡಸಾದವನು ತಡೆದುಕೋ ಎಂದೆ. ಆಮೇಲೆ ಒಂದು ಹಬ್ಬಕ್ಕೂ ನೀನು ಊರಲ್ಲಿ ನಿಲ್ಲಲಿಲ್ಲ. ತಪ್ಪು ನಿನ್ನ ಹೆಗಲಿನದಲ್ಲ, ಬಾಯಿ ಮುಚ್ಚಿಕೊಂಡಿದ್ದ ನನ್ನದು. ಮುಂದಿನ ಹಬ್ಬಕ್ಕೆ ರಜೆ ಹಾಕಿ ಬಾ. ತಂಗಿಯ ಪಕ್ಕ, ಆ ಮಕ್ಕಳ ಆಟದ ಸಾಲಿನಲ್ಲೇ ನಿಲ್ಲು. ನಗುವವರು ಮೊದಲು ನನ್ನ ಮುಂದೆ ಬಂದು ನಗಲಿ.