ಕಾಲುಚೀಲ ನುಂಗಿದ ಕಾರು

ರೀ,

ಗೊರಕೆ ಹೊಡೆಯುತ್ತಿದ್ದಿರಿ, ಎಬ್ಬಿಸಲಿಲ್ಲ. ಕಾರು ಸ್ಟಾರ್ಟ್ ಆಗಲಿಲ್ಲ, ಬಸ್ಸಿಗೆ ಹೊರಟೆ.

ನಿನ್ನೆ ನೀವೇ ಕಾರು ರಿಪೇರಿಗೆ ಕೂತು ಎಂಜಿನ್ನಿನ ಕಾರ್ಬನ್ ತೊಳೆದ ಪಾತ್ರೆ ಮತ್ತೆ ಅಡುಗೆಮನೆಗೆ ಬಂದರೆ ಗ್ರಹಚಾರ ಬಿಡಿಸುತ್ತೇನೆ.

ಕಾರು ಸ್ಟಾರ್ಟ್ ಆಗುತ್ತಿಲ್ಲವೆಂದು ಮೆಕ್ಯಾನಿಕ್‌ನನ್ನು ಮಾತ್ರ ಕರೆಯಬೇಡಿ, ಮಾನ ಹೋಗುತ್ತದೆ. ನಿನ್ನೆ ಊಟಕ್ಕೆ ಕೂತಾಗ ಜಂಭದಿಂದ ಹೇಳಿದಿರಲ್ಲ, “ಗಾಳಿ ಹೋಗೋ ಪೈಪಿನ ಬಾಯಿಗೆ ಬಟ್ಟೆ ತುರುಕಿಬಿಟ್ಟೆ ಕಣೇ, ಒಂದು ಚೂರು ಕಸ ಒಳಗೆ ಬೀಳಲಿಲ್ಲ!” ಎಂದು? ತುರುಕಿದ್ದು ಹೇಳಿದಿರಿ, ತೆಗೆದಿದ್ದು ಹೇಳಲಿಲ್ಲ. ಬೆಳಿಗ್ಗೆ ಮನೆಯೆಲ್ಲ ಜಾಲಾಡಿದರೂ ನನ್ನ ಹಸಿರು ಕಾಲುಚೀಲ ಒಂದೇ ಸಿಕ್ಕಿತು. ಆಗ ತಲೆಗೆ ಹೊಳೆಯಿತು.

ಪೈಪು ಬಿಚ್ಚಿ, ಇನ್ನೊಂದನ್ನು ಎಳೆದು ತೆಗೆಯಿರಿ. ಕಾರು ಹೊರಟರೆ ಸಂಜೆ ಬಸ್ ಸ್ಟಾಪಿಗೆ ಬನ್ನಿ. ಒಂದು ಕಾಲಿಗೆ ಹಸಿರು, ಇನ್ನೊಂದಕ್ಕೆ ನಿಮ್ಮ ಕೆಂಪು ತೂತು ಕಾಲುಚೀಲ ಹಾಕಿಕೊಂಡು ನಿಂತಿರುವವಳೇ ನಿಮ್ಮ ಹೆಂಡತಿ.