ರೋಡಾಳ ನೀಲಿ ತುಟಿ

ಸ್ಪ್ರೂಸ್ ಕೋವ್, ನ್ಯೂಫೌಂಡ್‌ಲ್ಯಾಂಡ್
ಮಾರ್ಚ್ ೯

ಪ್ರೀತಿಯ ತಮ್ಮ ಗಾರ್ಲಂಡ್‌ಗೆ,

ಈ ದ್ವೀಪದ ದೊಡ್ಡ ಡಾಕ್ಟರರಿಗೆಲ್ಲ ಪಾಠ ಹೇಳಿ, ನಿನ್ನ ಮಗಳ ಕಾಯಿಲೆಯನ್ನು ಪತ್ತೆ ಹಚ್ಚಿದವನು ನಾನೇ. ಅದಿರಲಿ, ನೀನು ಹೇಗಿದ್ದೀಯ? ಆಲ್ಬರ್ಟಾದ ಎಣ್ಣೆ ಗಣಿಯ ಚಳಿಗೆ ಬೆನ್ನುನೋವು ಹೆಚ್ಚಿತೇ? ನಾನು ಗಟ್ಟಿಯಾಗಿದ್ದೇನೆ, ಊರಿನ ಹೆಂಗಸರು ಈಗಲೂ ತಿರುಗಿ ನೋಡುತ್ತಾರೆ.

ಫೋನಿನಲ್ಲಿ ನಿನ್ನ ಹೆಂಡತಿ ಡೋರ್ಕಸ್ ಅತ್ತದ್ದಷ್ಟೇ ಕೇಳಿಸಿತು ಎಂದೆಯಂತೆ, ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ. ನೀನು ಹೋದ ಮೇಲೆ ರೋಡಾ ಕೆಲವೇ ತಿಂಗಳಲ್ಲಿ ಉಬ್ಬಿಬಿಟ್ಟಳು. ನಾಲ್ಕು ವರ್ಷದ ಕೂಸಿಗೆ ಹೊಸ ಕೋಟಿನ ಗುಂಡಿಯೂ ಹಾಕಲಾಗದು. ಬಂದರಿನಲ್ಲಿ ಮುದುಕ ಸೆಲ್ಬಿ, "ಏನಯ್ಯಾ ಲಿಯಾಂಡರ್, ದೋಣಿ ಮೀನೆಲ್ಲಾ ಮಗೂಗೇ ತಿನ್ನಿಸ್ತಿದೀಯಾ?" ಅಂದರೆ, "ನನ್ನ ಕೈ ಅಡುಗೆ ಕಣಯ್ಯಾ, ಮೈ ಹತ್ತದೆ ಇರುತ್ತಾ!" ಎಂದು ಮೀಸೆ ತಿರುವಿದೆ. ಅವಳ ಕೈ ತಣ್ಣಗಿದ್ದರೂ ಹಣೆ ಬೆವರುತ್ತಿತ್ತು. ನೀರು ಬೇಕೆಂದು ಕೇಳುತ್ತಲೇ ಇರಲಿಲ್ಲ. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಒಂದು ಮಧ್ಯಾಹ್ನ ಒಲೆಯ ಪಕ್ಕ ಮಲಗಿದ್ದವಳ ತುಟಿ ನೀಲಿಯಾಗಿತ್ತು. "ಕಳ್ಳೀ, ಬ್ಲೂಬೆರಿ ಜಾಮಿಗೆ ಕೈ ಹಾಕಿದೀಯಾ!" ಎಂದು ಡೋರ್ಕಸ್ ಒದ್ದೆ ಬಟ್ಟೆಯಿಂದ ಉಜ್ಜಿದಳು. ಬಣ್ಣ ಹೋಗಲಿಲ್ಲ. ನೋಡಿದರೆ ಜಾಮಿನ ಬಾಟಲಿಯ ಮುಚ್ಚಳ ತೆಗೆದೇ ಇಲ್ಲ. ಪತ್ತೆ ಹಚ್ಚಿದ್ದು ಡೋರ್ಕಸ್ಸೇ ಅಂತಿಟ್ಟುಕೋ. ಆಸ್ಪತ್ರೆಗೆ ಗಾಡಿ ಓಡಿಸಿದ್ದು ಮಾತ್ರ ನಾನು, ಗಾಳಿಯೂ ಹಿಂದೆ ಬಿತ್ತು.

ಸೇಂಟ್ ಜಾನ್ಸ್‌ನಲ್ಲಿ ವಾರಗಟ್ಟಲೆ ಪರೀಕ್ಷೆ ಮಾಡಿ ಡಾಕ್ಟರಮ್ಮ ಹೇಳಿದರು: "ತಿಂದು ಬಂದ ಮೈ ಅಲ್ಲ ಇದು, ಯಾರ ತಪ್ಪೂ ಅಲ್ಲ. ಹಸಿವು, ದಾಹ, ಉಸಿರು ನೋಡ್ಕೊಳ್ಳೋ ಮೆದುಳಿನ ಭಾಗ ಎಡವಿದೆ. ನಿದ್ದೇಲಿ ಸರಿಯಾಗಿ ಉಸಿರಾಡೋದೇ ಮರೀತಾಳೆ, ಕಷ್ಟ ಅಂತ ಅವಳಿಗೇ ಗೊತ್ತಾಗಲ್ಲ." ಹೆಸರು ರೋಹಾಡ್, ಬಲು ಅಪರೂಪವಂತೆ. ವಾಸಿ ಮಾಡುವ ಮದ್ದಿಲ್ಲ, ಕಾವಲು ಕಾದರೆ ಮಗು ಉಳಿಯುತ್ತದೆ. ಅಳೆದ ಊಟ, ಅಳೆದ ನೀರು, ಬೆರಳಿಗೆ ಆಮ್ಲಜನಕ ನೋಡುವ ಕ್ಲಿಪ್ಪು, ನೆಗಡಿಯಾದರೂ ಡಾಕ್ಟರಿಗೆ ಫೋನು. ಮಲಗಿದಾಗಲೆಲ್ಲ ಉಸಿರು ತುಂಬುವ ಯಂತ್ರದ ಮಾಸ್ಕ್ ಮುಖದ ಮೇಲಿರಲೇಬೇಕು.

ಆ ಮಾಸ್ಕನ್ನೇ ಅವಳು ಕಿತ್ತೆಸೆದಳು. ಡೋರ್ಕಸ್ ಮುದ್ದಿಸಿದಳು, ಗದರಿದಳು, ಕೊನೆಗೆ ಅತ್ತಳು. ನಾನು, "ಬೆಳಗಿನ ತನಕ ಹಾಕ್ಕೊಂಡಿರೋಕೆ ನಿನ್ ಕೈಲಾಗಲ್ಲ ಬಿಡೇ, ಒಂದು ಡಾಲರ್ ಪಂದ್ಯ!" ಅಂದೆ. "ದೊಡ್ಡಪ್ಪಾ, ನೀನು ಸುಳ್ಳುಗಾರ. ಮೊದಲು ಡಾಲರ್ ತೋರ್ಸು" ಅಂದಳು. ನಿನ್ನದೇ ಬಾಯಿ. ಬೆಳಗ್ಗೆ ಎದ್ದಾಗ ತುಟಿ ಕೆಂಪಗಿತ್ತು.

ದೇವರು ನಿನ್ನನ್ನು ಬೆಚ್ಚಗಿಟ್ಟಿರಲಿ. ನಿನಗೆ ಬರೆ ಎಂದು ಡೋರ್ಕಸ್ ಹೇಳಿಕೊಟ್ಟ ಮಾತನ್ನೆಲ್ಲ ಬರೆಯಲು ನನಗೆ ನಾಚಿಕೆ, ನೀನೇ ಊಹಿಸಿಕೋ.

ನಿನ್ನ ಅಣ್ಣ,
ಲಿಯಾಂಡರ್

ಮರೆತಿದ್ದೆ: ಕೇಳಿದವರಿಗೆಲ್ಲ ಎರಡು ಮೂರು ಡಾಲರ್ ಸೋತೆ ಎಂದಿದ್ದೇನೆ. ನಿನಗೆ ನಿಜ ಹೇಳುತ್ತೇನೆ. ದಿನಾ ರಾತ್ರಿ ಪಂದ್ಯ ಕಟ್ಟುತ್ತೇನೆ, ಒಂದು ಸಲವೂ ಗೆದ್ದಿಲ್ಲ. ಇವತ್ತಿಗೆ ಸೋತದ್ದು ಐವತ್ತಮೂರು ಡಾಲರ್.